ಅಮ್ಮ ಹೇಳದ ಮಾತು

ಮನೆ ಎರಡು, ನಡುವಿನ ಗೋಡೆ ಒಂದೇ. ಈಚೆ ಗ್ವೆನ್ ಮಲಗುವ ಕೋಣೆ, ಆಚೆ ಇವೊನೆತಿಯ ಹೊಲಿಗೆ ಯಂತ್ರ. ಪೆಟ್ರೊಲಿನಾದ ಹಗಲಿನ ಸೆಕೆಯಲ್ಲಿ ಹೊಸ ಬಟ್ಟೆ ಮುಟ್ಟಿದರೆ ಬೆವರಿನ ಕಲೆ ಕೂರುತ್ತದೆಂದು ಇವೊನೆತಿ ಕತ್ತಲಾದ ಮೇಲೆಯೇ ಯಂತ್ರದ ಮುಂದೆ ಕೂರುವವಳು. ಪಕ್ಕದಲ್ಲಿ ರೇಡಿಯೊ. ಯಂತ್ರ ಓಡುವಾಗ ರೇಡಿಯೊ ಕೇಳಿಸದು, ಆದ್ದರಿಂದ ರೇಡಿಯೊ ಜೋರು. ಜೂನ್ ತಿಂಗಳ ಸಾವ್ ಜುವಾವ್ ಹಬ್ಬಕ್ಕೆ ಕುಣಿಯುವ ಹುಡುಗಿಯರ ನೆರಿಗೆ ಲಂಗಗಳನ್ನು ಹೊಲಿಯುವ ಕೆಲಸ ಅವಳಿಗೆ ಹೊಸ ವರ್ಷ ಹುಟ್ಟಿದ ಮರುವಾರದಿಂದಲೇ ಶುರುವಾಗುತ್ತಿತ್ತು.

ಗ್ವೆನ್ ಇದನ್ನು ಜನವರಿಯಿಂದ ಸಹಿಸಿಕೊಂಡಿದ್ದಳು. ಗಂಡ ಕರ್ಟಿಸ್ ಅಮೆರಿಕದ ನೆಬ್ರಾಸ್ಕಾದ ಒಂದು ನೀರಾವರಿ ಕಂಪನಿಯವನು. ನದಿಯಿಂದ ನೀರೆತ್ತಿ ಮಾವು, ದ್ರಾಕ್ಷಿ ಬೆಳೆಯುವ ಈ ಊರಿಗೆ ಕಂಪನಿ ಅವನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿತ್ತು. ಸೋಮವಾರ ತೋಟಗಳ ಕಡೆ ಹೊರಟನೆಂದರೆ ಶುಕ್ರವಾರ ಸಂಜೆ ಕೆಂಪು ಧೂಳಿನ ಬೂಟುಗಳೊಂದಿಗೆ ಬರುತ್ತಿದ್ದ. ವಾರವೆಲ್ಲ ಮನೆಯಲ್ಲಿರುವವರು ಮೂವರು: ಗ್ವೆನ್, ಹದಿನೈದು ವರ್ಷದ ಮಗಳು ಮೇರನ್, ಮತ್ತು ಕರ್ಟಿಸನ ತಾಯಿ ವರ್ನಾ. ಗಂಡ ತೀರಿದ ಮೇಲೆ ಮನೆ ಮಾರಿ ಮಗನ ಹಿಂದೆ ಬಂದಿದ್ದ ವರ್ನಾಗೆ ಎಪ್ಪತ್ತು ದಾಟಿತ್ತು.

ಮೂವರಲ್ಲಿ ಇಲ್ಲಿನ ಪೋರ್ಚುಗೀಸ್ ಭಾಷೆ ನಾಲಿಗೆಗೆ ಹತ್ತಿದ್ದು ಮೇರನ್‌ಗೆ ಮಾತ್ರ. ಶಾಲೆಗೆ ಸೇರಿದ ಎರಡೇ ತಿಂಗಳಲ್ಲಿ ಅವಳು ಬೀದಿಯ ಮಕ್ಕಳ ಹಾಗೆಯೇ ಜಗಳಾಡುತ್ತಿದ್ದಳು. ಗ್ಯಾಸ್ ಸಿಲಿಂಡರಿನವನು, ಕುಡಿಯುವ ನೀರಿನವನು, ಮನೆಯ ಮಾಲೀಕ, ಅಜ್ಜಿಯ ರಕ್ತದೊತ್ತಡ ನೋಡುವ ಡಾಕ್ಟರು, ಯಾರೊಡನೆ ಮಾತಾಡಬೇಕಾದರೂ ಗ್ವೆನ್ ಕರೆಯುವುದು ಒಂದೇ ಹೆಸರನ್ನು. "ಮೇರನ್! ಬಾ ಇಲ್ಲಿ, ಇವನಿಗೆ ಹೇಳು."

ಏಪ್ರಿಲ್ ಕೊನೆಯ ಒಂದು ಸಂಜೆ ಗ್ವೆನ್ ಮಗಳ ಕೈ ಹಿಡಿದುಕೊಂಡೇ ಪಕ್ಕದ ಮನೆಯ ಗೇಟಿಗೆ ಹೋದಳು.

ಇವೊನೆತಿ ತುಟಿಗಳ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಹೊರಗೆ ಬಂದಳು. ಅವಳ ಲಂಗದ ಹಿಂದೆ ಆರು ವರ್ಷದ ಮೊಮ್ಮಗಳು ರಾಯಾನಿ ಅವಿತು ನೋಡುತ್ತಿದ್ದಳು. ಆ ಮಗುವಿನ ತಾಯಿ ದೂರದ ರೆಸೀಫಿ ನಗರದಲ್ಲಿ ಕೆಲಸಕ್ಕಿದ್ದಳು.

"ಹೇಳು ಅವರಿಗೆ," ಎಂದಳು ಗ್ವೆನ್. "ಆ ಮೆಷಿನ್ನ ಬೇರೆ ರೂಮಿಗೆ ಹಾಕ್ಕೊಳ್ಲಿ. ನಾಲ್ಕು ತಿಂಗಳಿಂದ ನಂಗೆ ನಿದ್ದೆ ಇಲ್ಲ. ಪಕ್ಕದ ಮನೇಲೂ ಮನುಷ್ಯರಿದಾರೆ ಅನ್ನೋ ಜ್ಞಾನ ಇರ್ಬೇಕು."

ಇವೊನೆತಿ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮುಂಗೈಗೆ ಕಟ್ಟಿದ್ದ ಹತ್ತಿಯ ದಿಂಬಿಗೆ ಚುಚ್ಚುತ್ತ ಮೇರನ್‌ಳ ಮುಖವನ್ನೇ ನಗುನಗುತ್ತ ನೋಡುತ್ತಿದ್ದಳು. ಶಾಲೆಯ ಕುಣಿತಕ್ಕೆ ಅವಳೂ ಸೇರಿದ್ದಳು. ಅವಳ ಲಂಗದ ಅಳತೆಯನ್ನು ಇದೇ ಹೆಂಗಸು ಮೊನ್ನೆಯಷ್ಟೇ ತೆಗೆದಿದ್ದಳು.

"ಅಮ್ಮ ಏನ್ ಹೇಳ್ತಿದಾರೆ ಅಂದ್ರೆ," ಎಂದು ಪೋರ್ಚುಗೀಸಿನಲ್ಲಿ ಶುರುಮಾಡಿದಳು, "ನಿಮ್ಮ ಮೆಷಿನ್ ಸದ್ದು ಕೇಳಿದ್ರೆ ಅವರಮ್ಮನ ನೆನಪಾಗತ್ತಂತೆ. ಅವರೂ ಹೊಲೀತಿದ್ರು. ಅದಕ್ಕೆ ರಾತ್ರಿ ನಿದ್ದೆ ಬರಲ್ವಂತೆ."

"ಅವರಮ್ಮ ಈಗ?"

"ಇಲ್ಲ. ತೀರ್ಕೊಂಡ್ರು."

ಅದು ಹೇಗೆ ಬಾಯಿಂದ ಜಾರಿತೋ ಮೇರನ್‌ಗೇ ತಿಳಿಯಲಿಲ್ಲ. ಇವೊನೆತಿಯ ಕಣ್ಣು ತುಂಬಿಬಂತು. ಗೇಟು ತೆರೆದು ಬಂದು ಗ್ವೆನ್‌ಳನ್ನು ಎದೆಗೆ ಒತ್ತಿಕೊಂಡಳು.

"ಏನಂತೆ?" ಅಪ್ಪುಗೆಯೊಳಗಿನಿಂದಲೇ ಗ್ವೆನ್ ಕೇಳಿದಳು.

"ತುಂಬಾ ಬೇಜಾರಾಯ್ತಂತೆ ಅವರಿಗೆ." ಇದೊಂದು ನಿಜವಾಗಿತ್ತು.

ಮನೆಗೆ ಬರುತ್ತ ಗ್ವೆನ್ ಗೆದ್ದವಳ ಹಾಗೆ ಹೇಳಿದಳು: "ನೋಡಿದ್ಯಾ? ಎದುರಿಗೆ ನಿಂತು ನೇರವಾಗಿ ಹೇಳಿದ್ರೆ ಯಾರಿಗಾದ್ರೂ ಅರ್ಥ ಆಗತ್ತೆ."

ಆ ರಾತ್ರಿ ಯಂತ್ರ ಗೋಡೆಗೆ ಇನ್ನೂ ಒಂದು ಗೇಣು ಹತ್ತಿರ ಬಂದಂತೆ ಕೇಳಿಸಿತು.

ಮರುದಿನದಿಂದ ತಟ್ಟೆಗಳು ಬರತೊಡಗಿದವು. ತೆಂಗಿನ ಹಾಲು ಹಾಕಿದ ಜೋಳದ ಪಾಯಸ, ಬೇಯಿಸಿದ ಮರಗೆಣಸು, ಆಡಿನ ಮಾಂಸದ ಸಾರು, ಎಲ್ಲಕ್ಕೂ ಮೇಲೊಂದು ಕಸೂತಿಯ ಬಟ್ಟೆ. ಸರಿಯಾಗಿ ಆರು ಗಂಟೆಗೆ, ಗ್ವೆನ್ ತನ್ನ ಮನೆಯವರನ್ನು ಊಟಕ್ಕೆ ಕೂರಿಸಿದ ಹೊತ್ತಿಗೇ ಗೇಟಿನಲ್ಲಿ ಕರೆಗಂಟೆಯ ಬದಲು ಚಪ್ಪಾಳೆ ಕೇಳಿಸುವುದು. ಇಲ್ಲಿ ಆರಕ್ಕೆ ಯಾರೂ ಉಣ್ಣುವುದಿಲ್ಲ. ಮಧ್ಯಾಹ್ನವೇ ಹೊಟ್ಟೆ ತುಂಬ ಉಂಡು, ಸಂಜೆ ಕಾಫಿ, ಬ್ರೆಡ್ಡು ತಿಂದು ಮುಗಿಸುವವರ ಊರು ಅದು.

ಗ್ವೆನ್ ತಟ್ಟೆಗಳನ್ನು ಫಳಫಳ ತೊಳೆದು ಖಾಲಿಯಾಗಿ ವಾಪಸು ಕಳಿಸುತ್ತಿದ್ದಳು.

"ಖಾಲಿ ತಟ್ಟೆ ಕಳಿಸ್ತಾರೇನೇ?" ಎಂದಳು ವರ್ನಾ ಒಂದು ದಿನ. "ನಮ್ಮೂರಲ್ಲಿ ನಮ್ಮಮ್ಮ ಇದ್ದಿದ್ರೆ ಕಿವಿ ಹಿಂಡಿರೋಳು."

"ನಾನು ಕೇಳಿದ್ನಾ ವರ್ನಾ, ತಂದ್ಕೊಡಿ ಅಂತ? ಫೋನ್ ಇಲ್ಲ, ಮುನ್ಸೂಚನೆ ಇಲ್ಲ, ಬಂದು ನಿಲ್ಲೋದು."

"ಫೋನ್ ಮಾಡಿ ಏನಂತ ಕೇಳ್ಬೇಕಿತ್ತು? ನಿನಗೆ ಹಸಿವಾಗಿದ್ಯಾ ಅಂತಾನಾ?"

ಅವತ್ತು ಸಂಜೆ ವರ್ನಾ ಆ ತಟ್ಟೆಯ ಮೇಲೆ ಸೇಬಿನ ಕೇಕಿನ ಆರು ತುಂಡು ಇಟ್ಟುಕೊಂಡು ತಾನೇ ಪಕ್ಕದ ಮನೆಗೆ ಹೋದಳು. ಬರುವಾಗ ಕತ್ತಲಾಗಿತ್ತು. ಮರುದಿನದಿಂದ ನಾಲ್ಕು ಗಂಟೆಯಾದರೆ ಅವಳು ಅಲ್ಲಿ. ಇವೊನೆತಿ ಹಿಂದಿನ ರಾತ್ರಿ ಯಂತ್ರದಲ್ಲಿ ಹೊಲಿದದ್ದಕ್ಕೆ ಇವಳು ಕೈಯಲ್ಲಿ ರಿಬ್ಬನ್ನು ಕೂರಿಸುವಳು. ಒಬ್ಬಳು ಪೋರ್ಚುಗೀಸಿನಲ್ಲಿ, ಒಬ್ಬಳು ಇಂಗ್ಲಿಷಿನಲ್ಲಿ, ಇಬ್ಬರೂ ಬಾಯಿ ಮುಚ್ಚದೆ ಮಾತಾಡುವರು.

"ಏನು ಮಾತಾಡ್ತೀರಾ ಅಜ್ಜಿ?" ಎಂದರೆ ವರ್ನಾ, "ಅವಳಿಗೂ ಮೊಣಕಾಲು ನೋವು," ಎನ್ನುತ್ತಿದ್ದಳು.

ಮೇ ತಿಂಗಳಲ್ಲಿ ಒಮ್ಮೆ ಗ್ವೆನ್ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಇವೊನೆತಿ ಕಾಂಪೌಂಡಿನ ಮೇಲಿಂದ ಕೂಗಿದಳು. ಮೇರನ್ ಬಂದು ನಿಂತಳು. ಇವೊನೆತಿ ತುಂಬ ಹೊತ್ತು ಮಾತಾಡಿದಳು. ಈ ಸಲ ನಗುತ್ತಿರಲಿಲ್ಲ.

ಅವಳು ಕೇಳಿದ್ದು ಇಷ್ಟು: ಹಬ್ಬದ ಸಂಜೆ ಮನೆಮನೆಯ ಮುಂದೆ ಬೆಂಕಿ ಹಾಕುತ್ತಾರೆ. ಆ ಬೆಂಕಿ ಸಾಕ್ಷಿಯಾಗಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಸುತ್ತು ಬಂದರೆ ಆ ಮಗುವಿಗೆ ಅವಳು ಮಾದ್ರಿನ್ಯಾ, ಎಂದರೆ ದೇವರು ಕೊಟ್ಟ ಎರಡನೆಯ ತಾಯಿ. ರಾಯಾನಿಗೆ ಗ್ವೆನ್ ಮಾದ್ರಿನ್ಯಾ ಆಗುವಳೇ? ಸತ್ತ ತಾಯಿಗಾಗಿ ಇನ್ನೂ ನಿದ್ದೆಗೆಡುವವಳು ಮಗುವಿನ ಮನಸ್ಸನ್ನು ಬಲ್ಲಳು.

"ಏನಂತೆ?" ಎಂದಳು ಗ್ವೆನ್, ಸೋಪಿನ ಕೈಯಲ್ಲೇ.

ಮೇರನ್ ತೊಟ್ಟಿಯ ಕಡೆ ನೋಡುತ್ತ ಹೇಳಿದಳು: "ಹಬ್ಬದ ದಿನ ಬೆಂಕಿ ಹಾಕ್ತಾರಂತೆ. ನೀನು ಬರ್ತೀಯಾ ಅಂತ."

"ಬರ್ತೀವಿ ಅನ್ನು. ಅದಕ್ಕೇನು." ಗ್ವೆನ್ ಇವೊನೆತಿಯ ಕಡೆ ನೋಡಿ ತಲೆಯಾಡಿಸಿದಳು. ಇವೊನೆತಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

"ಇಷ್ಟಕ್ಕೆಲ್ಲ ಅಳ್ತಾರಲ್ಲ ಇವರು," ಎಂದು ಗ್ವೆನ್ ಬಟ್ಟೆ ಹಿಂಡಿದಳು.

ಆ ಶುಕ್ರವಾರ ಊಟಕ್ಕೆ ಕುಳಿತಾಗ ಕರ್ಟಿಸ್ ಫೋರ್ಕಿನಿಂದ ತಟ್ಟೆಯ ಬಟಾಣಿಗಳನ್ನು ಅತ್ತಿತ್ತ ಸರಿಸುತ್ತ ಹೇಳಿದ: "ಕಂಪನಿಯೋರು ಇನ್ನೆರಡು ವರ್ಷ ಇರ್ತೀಯಾ ಅಂತ ಕೇಳ್ತಿದಾರೆ. ಜೂನ್ ಕೊನೆಯೊಳಗೆ ಹೇಳ್ಬೇಕು."

ಗ್ವೆನ್ ಚಾಕು ಕೆಳಗಿಟ್ಟಳು. "ನೀನು ಇರು. ನಾನು, ಮೇರನ್ ಜುಲೈಗೆ ವಾಪಸ್. ಆಗಸ್ಟಲ್ಲಿ ಅವಳ ಸ್ಕೂಲು ಶುರುವಾಗತ್ತೆ."

"ಡಿಸೆಂಬರ್ ತನಕ ಅಂತ ಒಪ್ಪಿದ್ವಲ್ಲ?"

"ಎರಡು ವರ್ಷದ ಮಾತು ಬರೋದಕ್ಕೆ ಮುಂಚೆ ಒಪ್ಪಿದ್ದು ಅದು."

"ಮೇರನ್‌ನ ಕೇಳಿದ್ಯಾ?"

"ಇಲ್ಲಿಗೆ ಬರೋವಾಗ ನೀನು ನನ್ನ ಕೇಳಿದ್ಯಾ?"

"ಕೇಳಿದ್ದೆ ಗ್ವೆನ್."

"ಟಿಕೆಟ್ ಬುಕ್ ಮಾಡಿ ಆಮೇಲೆ ಕೇಳಿದ್ದೆ."

"ನಾನು ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಹೇಳ್ಲಿಲ್ಲ," ಎಂದಳು ವರ್ನಾ.

"ನಮ್ಮ ಜೊತೆ ಬನ್ನಿ ವರ್ನಾ."

"ಬಂದು? ಮನೆ ಮಾರಿ ಆಯ್ತು. ನಿಮ್ಮ ಬೇಸ್‌ಮೆಂಟಲ್ಲಿ ಕೂತು ಹಿಮ ಬೀಳೋದು ನೋಡ್ಲಾ? ಇಲ್ಲಿ ನಂಗೆ ದಿನಾ ನಾಲ್ಕು ಗಂಟೆಗೆ ಕೆಲಸ ಇದೆ."

ಮೇರನ್ ತಟ್ಟೆ ಎತ್ತಿಕೊಂಡು ಎದ್ದಳು.

ಜೂನ್ ಮೊದಲ ವಾರ ಮೇರನ್ ಕುಣಿತದ ಅಭ್ಯಾಸಕ್ಕೆ ಹೋಗಿದ್ದಳು, ಮನೆಯಲ್ಲಿ ಬ್ರೆಡ್ ಇರಲಿಲ್ಲ. ಗ್ವೆನ್ ಒಬ್ಬಳೇ ಬೇಕರಿಗೆ ಹೊರಟಳು. 'ಆರು ಬ್ರೆಡ್ ಕೊಡಿ' ಎನ್ನುವಷ್ಟು ಅವಳಿಗೆ ಬರುತ್ತಿತ್ತು, ಅದನ್ನೇ ದಾರಿಯುದ್ದ ಹೇಳಿಕೊಳ್ಳುತ್ತ ಹೋದಳು.

ಸಾಲಿನಲ್ಲಿ ಮುಂದೆ ಇವೊನೆತಿ, ರಾಯಾನಿ ನಿಂತಿದ್ದರು. ಮೇರನ್ ಇಲ್ಲದ್ದು ನೋಡಿ ಇವೊನೆತಿ ಗ್ವೆನ್‌ಳ ಎರಡೂ ಕೈ ಹಿಡಿದು, ಕಿವುಡರೊಡನೆ ಮಾತಾಡುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದಳು. ಅದರಲ್ಲಿ ಗ್ವೆನ್‌ಗೆ ಸಿಕ್ಕಿದ್ದು ನಾಲ್ಕೇ: ಅಮ್ಮ, ಸತ್ತರು, ಹೊಲಿಗೆ, ಆಕಾಶ. ಪಾಪ, ಇವಳ ತಾಯಿ ತೀರಿಕೊಂಡಿರಬೇಕು ಎಂದುಕೊಂಡು ಗ್ವೆನ್ ಅವಳ ಬೆನ್ನು ಸವರಿದಳು. "ಕ್ಷಮಿಸಿ, ಕ್ಷಮಿಸಿ," ಎಂದಳು. ಇವೊನೆತಿ ಅತ್ತೇಬಿಟ್ಟಳು. ಸಾಲಿನಲ್ಲಿದ್ದ ಇಬ್ಬರು ಹೆಂಗಸರೂ ಬಂದು ಗ್ವೆನ್‌ಳ ಬೆನ್ನು ಸವರಿದರು. ತಮ್ಮವಳ ಬದಲು ನನ್ನ ಬೆನ್ನು ಯಾಕೆ ಸವರುತ್ತಾರೆ ಎಂದು ಗ್ವೆನ್‌ಗೆ ಅನುಮಾನ ಬಂದದ್ದು ಆಗಲೇ.

ಆಮೇಲೆ ಇವೊನೆತಿ ಮೊಮ್ಮಗಳನ್ನು ಮುಂದೆ ತಂದು ನಿಲ್ಲಿಸಿ, ಒಮ್ಮೆ ಮಗುವನ್ನೂ ಒಮ್ಮೆ ಗ್ವೆನ್‌ಳನ್ನೂ ತೋರಿಸಿ, "ಮಾದ್ರಿನ್ಯಾ," ಎಂದಳು. ಮಗು ತಲೆ ತಗ್ಗಿಸಿ ನಕ್ಕಿತು. ಮುಂದಿನ ಹಲ್ಲೊಂದು ಬಿದ್ದಿತ್ತು.

ಗ್ವೆನ್ ಆರು ಬ್ರೆಡ್ಡಿನ ಬದಲು ಹದಿನಾರು ತಂದಳು. ಊಟದ ಮೇಜಿನ ಮೇಲೆ ಆ ದೊಡ್ಡ ಚೀಲ ಇಟ್ಟು ಮಗಳನ್ನು ಕೇಳಿದಳು:

"ಇವೊನೆತಿಯ ತಾಯಿ ಯಾವಾಗ ತೀರ್ಕೊಂಡ್ರು?"

ಮೇರನ್‌ಳ ಚಮಚ ನಿಂತಿತು. "ಅವರ ತಾಯಿ ಅಲ್ಲ."

"ಮತ್ಯಾರ ತಾಯಿ?"

"ನಿನ್ನ ತಾಯಿ."

ವರ್ನಾ ಅಗಿಯುವುದನ್ನು ನಿಲ್ಲಿಸಿದಳು.

"ನನ್ನಮ್ಮ ಭಾನುವಾರ ಒಮಾಹಾದಿಂದ ಫೋನ್ ಮಾಡಿ ಅರ್ಧ ಗಂಟೆ ತನ್ನ ಹೊಸ ಕಾರಿನ ಬಗ್ಗೆ ಮಾತಾಡಿದಾಳೆ!"

"ಗೊತ್ತು."

"ಅವಳು ಜೀವಮಾನದಲ್ಲಿ ಒಂದು ಗುಂಡಿ ಹೊಲಿದಿಲ್ಲ!"

"ಅದೂ ಗೊತ್ತು."

"ನಿಮ್ಮಮ್ಮಂಗೆ ತಿಳಿದ್ರೆ," ಎಂದಳು ವರ್ನಾ, "ಸಾಯ್ಸಿದ್ದಕ್ಕಿಂತ ದರ್ಜಿ ಮಾಡಿದ್ದಕ್ಕೆ ಜಾಸ್ತಿ ಸಿಟ್ಟು ಬರತ್ತೆ."

"ನೀವು ಸುಮ್ನಿರಿ ವರ್ನಾ. ಮೇರನ್, ಮಾದ್ರಿನ್ಯಾ ಅಂದ್ರೇನು?"

ಮೇರನ್ ಎಲ್ಲವನ್ನೂ ಹೇಳಿದಳು. ಅಡುಗೆಮನೆಯ ಫ್ಯಾನು ತಿರುಗುತ್ತಿತ್ತು. ಹೇಳಿ ಮುಗಿಯುವಷ್ಟರಲ್ಲಿ ಗ್ವೆನ್‌ಳ ಮುಖ ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತ್ತು.

"ನನ್ನ ಬಾಯಲ್ಲಿ ನಾನು ಆಡದ ಮಾತು ಹಾಕಿದೀಯಾ. ಒಂದು ಮಗುವಿಗೆ ನನ್ನ ಹೆಸರಲ್ಲಿ ಮಾತು ಕೊಟ್ಟಿದೀಯಾ. ಯಾಕೆ?"

"ಯಾಕೆ ಅಂದ್ರೆ ನೀನು ಹೇಳಿದ್ದನ್ನ ಹೇಳಿದ್ರೆ ಈ ಬೀದೀಲಿ ಒಬ್ರೂ ನಮ್ಮ ಜೊತೆ ಮಾತಾಡ್ತಿರಲಿಲ್ಲ!" ಮೇರನ್‌ಳ ದನಿ ಒಡೆಯಿತು. "ನಿನಗೆ ಸಿಟ್ಟು ಬರತ್ತೆ, ನೀನು ಬೈತೀಯಾ, ಒಳಗೆ ಬಂದು ಬಾಗಿಲು ಹಾಕ್ಕೋತೀಯಾ. ಆದ್ರೆ ಆ ಬೈಗುಳ ಬರೋದು ನನ್ನ ಬಾಯಿಂದ ಅಮ್ಮ. ಅವರು ನೋಡೋದು ನನ್ನ ಮುಖಾನ. ಗ್ಯಾಸಿನವನಿಗೆ 'ನೀನು ಮೋಸಗಾರ' ಅಂದಿದ್ದು ನಾನು. ಡಾಕ್ಟರಿಗೆ 'ಇದೊಂದು ಆಸ್ಪತ್ರೇನಾ' ಅಂದಿದ್ದು ನಾನು. ನೀನಲ್ಲ."

ಗ್ವೆನ್ ಬ್ರೆಡ್ಡಿನ ಚೀಲವನ್ನು ಪಕ್ಕಕ್ಕೆ ಸರಿಸಿದಳು.

"ಇನ್ನು ಮೇಲೆ ನೀನು ನನಗೋಸ್ಕರ ಯಾರ ಜೊತೆಗೂ ಮಾತಾಡ್ಬೇಡ," ಎಂದಳು.

"ಸಂತೋಷ," ಎಂದಳು ಮೇರನ್. ಅಳುತ್ತಲೇ ಎದ್ದು ಹೋದಳು.

ಗ್ವೆನ್ ಎರಡು ದಿನ ಡಿಕ್ಷನರಿ ಮುಂದಿಟ್ಟುಕೊಂಡು ಕುಳಿತಳು. ಒಲೆಯ ಮುಂದೆ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ತುಟಿ ಅಲ್ಲಾಡಿಸುತ್ತ ಓಡಾಡಿದಳು. ಶನಿವಾರ ಬೆಳಿಗ್ಗೆ ಅವಳು ಪಕ್ಕದ ಮನೆಗೆ ಹೊರಟಾಗ ಕರ್ಟಿಸ್, "ಬಿಟ್ಬಿಡು ಗ್ವೆನ್, ಜುಲೈನಲ್ಲಿ ಹೋಗೋಳು ನೀನು. ಅವರು ನಿನ್ನನ್ನ ಒಳ್ಳೆಯೋಳು ಅಂತಲೇ ಅಂದ್ಕೊಂಡಿರ್ಲಿ," ಎಂದ.

"ಆ ಒಳ್ಳೆಯೋಳು ನಾನಲ್ಲ," ಎಂದಳು ಗ್ವೆನ್.

ಇವೊನೆತಿ ಕಾಫಿ ತರಲು ಎದ್ದಳು. ಗ್ವೆನ್ ಬೇಡವೆಂದು ಕೈಮಾಡಿ ನಿಂತೇ ಹೇಳಿದಳು. ಹಿಂದೆಯೇ ಬಂದಿದ್ದ ಮೇರನ್ ಬಾಗಿಲ ಬಳಿ ತುಟಿ ಕಚ್ಚಿಕೊಂಡು ನಿಂತಿದ್ದಳು.

"ನನ್ನ ಅಮ್ಮ ಸತ್ತಿಲ್ಲ. ಅಮ್ಮ ಒಮಾಹಾ. ಹೊಲಿಗೆ ಇಲ್ಲ. ಮಗಳು ಹೇಳಿದಳು, ನಾನು ಹೇಳಿಲ್ಲ. ನಾನು ಹೇಳಿದ್ದು: ಮೆಷಿನ್ ಕೆಟ್ಟದು. ರಾತ್ರಿ ಕೆಟ್ಟದು. ರೇಡಿಯೊ ಕೆಟ್ಟದು. ನಿದ್ದೆ ಇಲ್ಲ. ಮಾದ್ರಿನ್ಯಾ ನನಗೆ ಗೊತ್ತಿರಲಿಲ್ಲ. ಕ್ಷಮಿಸಿ."

ಇವೊನೆತಿ ಕಾಫಿಯ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು. ಮೊದಲು ಮೇರನ್‌ಳನ್ನು, ಆಮೇಲೆ ಗ್ವೆನ್‌ಳನ್ನು ನೋಡಿದಳು.

"ಐದು ತಿಂಗಳು ಕೆಟ್ಟದಾಗಿತ್ತಾ? ಹಾಗಾದ್ರೆ ನಾನು ಹೇಳಿದ್ದನ್ನಾದ್ರೂ ಈ ಹುಡುಗಿ ನಿನಗೆ ಹೇಳಿದ್ಲಾ? ನಿಮ್ಮ ಮನೆ ಗೇಟು ಬ್ಯಾಂಕಿನ ಗೇಟಿದ್ದ ಹಾಗೆ ಅಂದಿದ್ದೆ, ಹೇಳಿದ್ಲಾ? ಖಾಲಿ ತಟ್ಟೆ ಕಳಿಸೋದು ಮುಖಕ್ಕೆ ಹೊಡೆದ ಹಾಗೆ ಅಂದಿದ್ದೆ, ಹೇಳಿದ್ಲಾ? ಮುದುಕಿ ಮೂರು ತಿಂಗಳು ಕಿಟಕೀಲಿ ಗೂಬೆ ಥರ ಕೂತಿದ್ಲು, ಒಬ್ಬರಾದ್ರೂ ಹೊರಗೆ ಕರ್ಕೊಂಡ್ಬರಬಾರದಾ ಅಂದಿದ್ದೆ!"

ಗ್ವೆನ್‌ಗೆ ಅರ್ಧ ತಿಳಿಯಿತು. ಆ ಅರ್ಧವೇ ಸಾಕಾಗಿತ್ತು. "ನೀನು ಊಟದ ಹೊತ್ತು ಬರುವುದು! ದಿನಾ! ಆರು ಗಂಟೆ!" ಎಂದು ಕೂಗಿದಳು.

"ಆರು ಗಂಟೆಗೆ ಯಾವ ಮನುಷ್ಯರು ಊಟ ಮಾಡ್ತಾರೆ? ಕೋಳಿಗಳಾ?"

ಬೀದಿಯ ಜನ ಗೇಟುಗಳಿಗೆ ಬಂದು ನಿಂತರು. ಕೊನೆಗೆ ಇವೊನೆತಿ ಬಾಗಿಲ ಕಡೆ ಕೈ ತೋರಿದಳು. "ಹೋಗು. ನನ್ನ ಮಗು ಯಾರ ಹತ್ರಾನೂ ಬೇಡಲ್ಲ."

ಅವತ್ತು ಸಂಜೆ ಗೋಡೆಯಾಚೆ ಭಾರದ್ದೇನನ್ನೋ ಎಳೆದಾಡುವ ಸದ್ದಾಯಿತು. ಯಂತ್ರ ಮುಂದಿನ ಕೋಣೆಗೆ ಹೋಯಿತು. ಗ್ವೆನ್ ಆ ರಾತ್ರಿ ಗಾಢವಾಗಿ ನಿದ್ದೆಹೋದಳು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಐದು ತಿಂಗಳ ಬಾಕಿ ಅದು.

ತಟ್ಟೆಗಳು ನಿಂತವು. ಬೇಕರಿಯಲ್ಲಿ ಯಾರೂ ಬೆನ್ನು ಸವರಲಿಲ್ಲ. ವರ್ನಾ ಮಾತ್ರ ನಾಲ್ಕು ಗಂಟೆಗೆ ಎಂದಿನಂತೆ ಹೊರಟಳು.

"ಈಗಲೂ ಹೋಗ್ತೀರಾ?" ಎಂದಳು ಗ್ವೆನ್.

"ಜಗಳ ನಿಮ್ಮಿಬ್ಬರದ್ದು. ರಿಬ್ಬನ್ ನಂದು."

ಮೇರನ್‌ಳ ಕುಣಿತದ ಲಂಗ ವರ್ನಾಳ ಕೈಯಲ್ಲೇ ಬಂತು, ಕಾಗದದಲ್ಲಿ ಸುತ್ತಿ. ಜೊತೆಗೆ ಮಾತೊಂದೂ ಇರಲಿಲ್ಲ. ಹಾಕಿಕೊಂಡರೆ ಸೊಂಟಕ್ಕೆ ಸರಿಯಾಗಿ ಕೂತಿತು. ಮೇರನ್ ಕನ್ನಡಿಯ ಮುಂದೆ ನಿಂತು, "ಥ್ಯಾಂಕ್ಸ್ ಹೇಳೋಕಾದ್ರೂ ಹೋಗ್ಲಾ?" ಎಂದಳು.

"ನಿನ್ನ ಮಾತು ನೀನು ಹೋಗಿ ಆಡು. ನಾನು ತಡೆದಿದ್ದು ನನ್ನ ಮಾತನ್ನ," ಎಂದಳು ಗ್ವೆನ್. ಮೊದಲಿನ ಬಿರುಸು ಇರಲಿಲ್ಲ.

ಗ್ಯಾಸಿನವನ ಹತ್ತಿರ ಈಗ ಗ್ವೆನ್ ತಾನೇ ಮಾತಾಡಬೇಕಾಗಿತ್ತು. ಭಾಷೆ ಕೈಕೊಡುವ ಕಡೆ ಸಿಟ್ಟು ಬಂದರೂ ಆಡಲಾಗುತ್ತಿರಲಿಲ್ಲ. 'ದಯವಿಟ್ಟು' ಮತ್ತು 'ಉಪಕಾರವಾಯಿತು' ಎಂಬ ಎರಡು ಪದ ಮಾತ್ರ ತಡವರಿಸದೆ ಬರುತ್ತಿದ್ದವು, ಅವನ್ನೇ ಬಳಸಿದಳು. ಸಿಲಿಂಡರಿನವನು ಅವಳ ಅಡುಗೆಮನೆಯ ತನಕ ಹೊತ್ತು ತಂದಿಟ್ಟು, ನಲ್ಲಿಯ ವಾಷರನ್ನೂ ಬಿಗಿ ಮಾಡಿ ಹೋದ. ಗ್ವೆನ್ ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಯಂತ್ರ ಹೋದ ಜಾಗಕ್ಕೆ ರಾಯಾನಿಯ ಮಂಚ ಬಂದಿತ್ತು. ಎಂಟು ಗಂಟೆಗೆ ಮಗುವನ್ನು ಮಲಗಿಸಿದರೆ ಅದು ನಿದ್ದೆ ಬರುವ ತನಕ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಬೊಂಬೆಗೆ ಬೈಯುವುದು, ಸೊಳ್ಳೆಗೆ ಬೈಯುವುದು. ಗ್ವೆನ್ ಬಟ್ಟೆ ಮಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಮಗುವಿನ ಮಾತು ಚಿಕ್ಕಚಿಕ್ಕದು, ಹೇಳಿದ್ದನ್ನೇ ಹೇಳುವುದು, ತನಗೆ ಅರ್ಥವಾಗುತ್ತಿದೆ ಎಂದು ಅವಳಿಗೆ ಹೊಳೆದದ್ದು ಮೂರನೆಯ ದಿನ.

ಒಂದು ಸಂಜೆ ಮಗು ಅಜ್ಜಿಯನ್ನು ಕೇಳುತ್ತಿತ್ತು: "ಅಜ್ಜಿ, ಆ ಅಮೆರಿಕದೋಳು ನಂಗೆ ಯಾಕೆ ಮಾದ್ರಿನ್ಯಾ ಆಗಲ್ಲ? ನಾನೇನ್ ಮಾಡ್ದೆ?"

"ನೀನೇನೂ ಮಾಡಿಲ್ಲ. ಮಲಗು."

"ಅವಳೂ ಅಮ್ಮನ ಥರ ಬಸ್ಸಲ್ಲಿ ಹೋಗ್ತಾಳಾ?"

"ವಿಮಾನದಲ್ಲಿ. ಮಲಗು ಅಂದೆ."

ಗ್ವೆನ್ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಹಬ್ಬದ ಸಂಜೆ ಬೀದಿಯುದ್ದಕ್ಕೂ ಮನೆಗಳ ಮುಂದೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದರು. ಹೊಗೆಗೆ ಕಣ್ಣು ಉರಿಯುತ್ತಿತ್ತು. ಎಲ್ಲೆಲ್ಲೂ ಸುಟ್ಟ ಜೋಳದ ವಾಸನೆ, ಅಕಾರ್ಡಿಯನ್ ಸದ್ದು. ಮೇರನ್ ಕುಣಿದು ಮುಗಿಸಿ ಬೆವರುತ್ತ ಬಂದಿದ್ದಳು. ವರ್ನಾ ಇವೊನೆತಿಯ ಬೆಂಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು, ಕರ್ಟಿಸ್ ಅವಳ ಹಿಂದೆ ಜೋಳದ ತೆನೆ ಹಿಡಿದು ನಿಂತಿದ್ದ.

ಗ್ವೆನ್ ಕೊನೆಯಲ್ಲಿ ಬಂದಳು. ಕೈಯಲ್ಲಿ ಒಂದು ದೊಡ್ಡ ತಟ್ಟೆ ಕೇಕು. ಇವೊನೆತಿಯ ಮುಂದೆ ಹಿಡಿದು, ಅಭ್ಯಾಸ ಮಾಡಿ ತಂದಿದ್ದ ಮಾತು ಹೇಳಿದಳು: "ರಾಯಾನಿಗೆ ಮಾದ್ರಿನ್ಯಾ ಬೇಕಾದರೆ ನಾನು ಇದ್ದೇನೆ. ಈಗ ನಾನು ಹೇಳುತ್ತಿದ್ದೇನೆ. ಮಗಳಲ್ಲ."

ಇವೊನೆತಿ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಮಾತಾಡತೊಡಗಿದಳು, ಬಹಳ ಬೇಗಬೇಗ, ಬಹಳ ಹೊತ್ತು. ಗ್ವೆನ್‌ಗೆ ಒಂದು ಪದವೂ ಹಿಡಿಗೆ ಸಿಗಲಿಲ್ಲ. ಅವಳು ಮಗಳ ಕಡೆ ತಿರುಗಿದಳು.

ಮೇರನ್ ಕೇಳಿದಳು: "ಅವರು ಹೇಳಿದ್ದನ್ನೇ ಹೇಳ್ಲಾ?"

"ಹೇಳಿದ್ದನ್ನೇ. ಒಂದಕ್ಷರ ಜಾಸ್ತಿಯಿಲ್ಲ, ಕಮ್ಮಿಯಿಲ್ಲ."

ಮೇರನ್ ಬೆಂಕಿಯನ್ನೇ ನೋಡುತ್ತ ಹೇಳಿದಳು: "'ಸತ್ತ ತಾಯಿಯನ್ನ ನಂಬಿ ನಿನ್ನನ್ನ ಕೇಳ್ದೆ, ಅದು ನನ್ನ ತಪ್ಪು. ನೀನು ಎದುರಿಗೆ ಬಂದು ಬೈದೆ, ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದ್ರೆ ಇದು ನಮ್ಮಿಬ್ಬರ ವಿಷಯ ಅಲ್ಲ. ಇವಳಮ್ಮ ವರ್ಷಕ್ಕೆ ಎರಡು ಸಲ ಬರ್ತಾಳೆ, ಎರಡು ಸಲ ಹೋಗ್ತಾಳೆ. ಎರಡು ಸಲವೂ ಮಗು ಜ್ವರ ಬಂದು ಮಲಗತ್ತೆ. ಬಿಟ್ಟು ಹೋಗೋರು ಇವಳಿಗೆ ಈಗಾಗ್ಲೇ ಇದಾರೆ. ನೀನು ಜುಲೈಗೆ ಹೋಗೋಳಾದ್ರೆ ಇವಳ ಕೈ ಹಿಡೀಬೇಡ.'"

"ಜುಲೈ ವಿಷಯ ನೀನು ಹೇಳಿದ್ಯಾ?"

"ಲಂಗಕ್ಕೆ ಥ್ಯಾಂಕ್ಸ್ ಹೇಳೋಕೆ ಹೋದಾಗ ಕೇಳಿದ್ರು. ಇದ್ದಿದ್ದನ್ನ ಹೇಳ್ದೆ."

ಬೆಂಕಿಯಲ್ಲಿ ಒಂದು ಕೊರಡು ಕುಸಿದು ಕಿಡಿ ಹಾರಿದವು. ರಾಯಾನಿ ಹೊಸ ಫ್ರಾಕಿನ ಅಂಚು ಹಿಡಿದುಕೊಂಡು ದೊಡ್ಡವರ ಮುಖಗಳನ್ನು ನೋಡುತ್ತಿದ್ದಳು. ಗ್ವೆನ್ ಮಗುವಿನ ಕಡೆ ತಿರುಗಿದಳು. ಹೂಂ ಎನ್ನುವುದು ಸುಲಭವಿತ್ತು. ಊಹೂಂ ಎನ್ನುವುದೂ ಸುಲಭವಿತ್ತು.

ಮೇರನ್ ಬಾಯಿ ತೆರೆಯಲು ಹೋದಾಗ ಗ್ವೆನ್ ತಡೆದು ತಾನೇ ಹೇಳಿದಳು: "ಡಿಸೆಂಬರ್ ತನಕ ಇರುತ್ತೇನೆ. ಅದು ಸತ್ಯ. ಆಮೇಲೆ ಗೊತ್ತಿಲ್ಲ. ಅದೂ ಸತ್ಯ."

"ಏನಂದ್ಲು? ಡಿಸೆಂಬರ್ ಅಂದ್ಲಾ?" ಎಂದ ಕರ್ಟಿಸ್.

"ನೀನು ಜೋಳ ತಿನ್ನು," ಎಂದಳು ವರ್ನಾ.

ಇವೊನೆತಿ ಯೋಚಿಸಿದಳು. ಆಮೇಲೆ ಬಗ್ಗಿ ಮೊಮ್ಮಗಳನ್ನೇ ಕೇಳಿದಳು: "ಡಿಸೆಂಬರ್ ತನಕ ಅಂತೆ. ಆಮೇಲೆ ಗೊತ್ತಿಲ್ವಂತೆ. ಏನ್ ಹೇಳ್ತೀಯಾ?"

"ಅಷ್ಟರಲ್ಲಿ ನನ್ನ ಹಲ್ಲು ಬಂದಿರತ್ತಾ?"

"ಬಂದಿರತ್ತೆ."

"ಹಾಗಾದ್ರೆ ಆಗ್ಬಹುದು," ಎಂದಳು ರಾಯಾನಿ.

ಇವೊನೆತಿ ಕೇಕಿನ ತಟ್ಟೆಯನ್ನು ತೆಗೆದುಕೊಂಡು ವರ್ನಾಳ ತೊಡೆಯ ಮೇಲಿಟ್ಟಳು. ಗ್ವೆನ್ ಮಗುವಿನ ಕೈ ಹಿಡಿದಳು. ಕೈ ಜೋಳದ ಬೆಣ್ಣೆಯಿಂದ ಜಿಡ್ಡಾಗಿತ್ತು. ಸಂತರ ಹೆಸರು ಹೇಳಿ ತಾಯಿ ಮಗಳಾಗುವ ಆ ನಾಲ್ಕು ಮಾತನ್ನು ಇವೊನೆತಿ ಬಿಡಿಸಿ ಹೇಳಿಕೊಟ್ಟಳು, ಇಬ್ಬರೂ ಹೇಳುತ್ತ ಬೆಂಕಿಗೆ ಮೂರು ಸುತ್ತು ಬಂದರು. ಮೂರನೆಯ ಸುತ್ತಿಗೆ ಗ್ವೆನ್ ಎಡವಿದಳು. ಮಗುವೇ ಎಳೆದು ನಿಲ್ಲಿಸಿತು.

ಎರಡು ವರ್ಷದ ಮಾತನ್ನು ಕರ್ಟಿಸ್ ಆ ರಾತ್ರಿ ಎತ್ತಲಿಲ್ಲ. "ಕಂಪನಿಯೋರಿಗೆ ಡಿಸೆಂಬರಲ್ಲಿ ಹೇಳ್ತೀನಿ ಅಂತ ಬರೀತೀನಿ," ಎಂದಷ್ಟೇ ಹೇಳಿದ.

"ಒಪ್ಪದಿದ್ರೆ?"

"ಒಪ್ಪದಿದ್ರೆ ಇಲ್ಲ."

ಬೆಳಿಗ್ಗೆ ಬೀದಿಯಲ್ಲಿ ಬೂದಿಯ ಗುಡ್ಡೆಗಳು ಇನ್ನೂ ಹೊಗೆಯಾಡುತ್ತಿದ್ದವು. ಗ್ವೆನ್ ಕಸದ ಚೀಲ ಹೊರಗಿಡಲು ಬಂದರೆ ರಾಯಾನಿ ತಲೆ ಬಾಚಿಸಿಕೊಂಡು ಗೇಟಿನ ಮುಂದೆ ನಿಂತಿದ್ದಳು. ಗ್ವೆನ್‌ಳನ್ನು ಕಂಡೊಡನೆ ಬಲಗೈ ಮುಂದೆ ಚಾಚಿ, "ಆಶೀರ್ವಾದ ಮಾಡು, ಮಾದ್ರಿನ್ಯಾ," ಎಂದಳು.

ಗ್ವೆನ್ ಆ ಕೈ ಕುಲುಕಿ, "ಗುಡ್ ಮಾರ್ನಿಂಗ್," ಎಂದಳು.

ಮಗು ತಲೆಯಾಡಿಸಿತು. ಕೈ ಹಾಗೆಯೇ ಚಾಚಿತ್ತು.

"ಮೇರನ್!" ಗ್ವೆನ್ ಒಳಕ್ಕೆ ಕೂಗಿದಳು. "ಇವಳಿಗೆ ಏನು ಹೇಳ್ಬೇಕು?"

"ನಿನ್ನನ್ನ ಕೇಳ್ತಿರೋದು ಅಮ್ಮ," ಎಂದು ಮೇರನ್‌ಳ ನಿದ್ದೆಗಣ್ಣಿನ ದನಿ ಬಂತು. ಮತ್ತೆ ಹಾಸಿಗೆ ಕಿರುಗುಟ್ಟಿತು.

ರಾಯಾನಿಗೆ ಅರ್ಥವಾಯಿತು. ಇವಳಿಗೆ ಯಾರೂ ಕಲಿಸಿಲ್ಲ. "'ದೇವರು ನಿನ್ನನ್ನ ಹರಸಲಿ' ಅನ್ಬೇಕು," ಎಂದು ನಿಧಾನವಾಗಿ ಹೇಳಿಕೊಟ್ಟಳು.

"ದೇವರು ನನ್ನನ್ನ ಹರಸಲಿ," ಎಂದಳು ಗ್ವೆನ್.

"ನಿನ್ನನ್ನ ಅಲ್ಲ! ನನ್ನನ್ನ!" ಮಗು ಹಲ್ಲು ಬಿದ್ದ ಬಾಯಿ ತೆರೆದು ನಕ್ಕಿತು. "ಇನ್ನೊಂದ್ಸಲ."

ಗ್ವೆನ್ ಚೀಲವನ್ನು ಕೆಳಗಿಟ್ಟು, ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು, ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತಳು. ಈ ಸಲ ಸರಿಯಾಗಿ ಹೇಳಿದಳು. ರಾಯಾನಿ ಅವಳ ಮುಂಗೈಗೆ ಮುತ್ತಿಟ್ಟು ಬೂದಿಯ ಗುಡ್ಡೆಗಳ ನಡುವೆ ಓಡಿದಳು. ತನ್ನ ಗೇಟಿನ ಬಳಿ ನಿಂತು ತಿರುಗಿ ಕೂಗಿದಳು:

"ದಿನಾ ಬರ್ತೀನಿ! ಮರೀಬೇಡ!"

ಗ್ವೆನ್ ಒಳಗೆ ಹೋಗಿ ಮೊಟ್ಟೆ ಒಡೆಯುತ್ತ ಆ ಹರಸುವ ಮಾತನ್ನೇ ಮೆಲ್ಲಗೆ ಹೇಳಿಕೊಂಡಳು. ನಡುವೆ ಮತ್ತೆ ತಪ್ಪಿತು. ಒಲೆಯ ಉರಿ ಸಣ್ಣಗೆ ಮಾಡಿ, ಮೊದಲಿನಿಂದ ಶುರುಮಾಡಿದಳು.